ಕೈ ಬದಲಾಗುವ ಜಾಗ: ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ತಂಡ ಕಟ್ಟುವುದು, ನಡೆಸುವುದು ಹೇಗೆ?

ಕಾಲೇಜಿನ ಟ್ರೇನಿಂಗ್ ರೆಸ್ಟೋರೆಂಟ್‌ನಲ್ಲಿ ಅವತ್ತು 80 ಕವರ್‌ಗಳ, ಅಂದರೆ 80 ಅತಿಥಿಗಳ, ಡಿನ್ನರ್. ವಿದ್ಯಾರ್ಥಿ ಮ್ಯಾನೇಜರ್ ನಾನೇ. ಟೇಬಲ್ ಬುಕ್ ಮಾಡುವಾಗಲೇ ಅತಿಥಿಯೊಬ್ಬರು ತಮಗೆ ಕಡಲೆಕಾಯಿ ಅಲರ್ಜಿ ಇದೆಯೆಂದು ಹೇಳಿದ್ದರು. ಫೋನ್ ಎತ್ತಿದವಳು ಅದನ್ನು ಬುಕಿಂಗ್ ಶೀಟ್‌ನಲ್ಲಿ ಬರೆದಿದ್ದಳು. ಶೀಟ್ ನೋಡಿದ ಹೋಸ್ಟ್ (ಬಂದವರನ್ನು ಬರಮಾಡಿಕೊಂಡು ಕೂರಿಸುವವನು) ಅದನ್ನು ಆ ಟೇಬಲ್‌ನ ಸರ್ವರ್‌ಗೆ ಬಾಯಲ್ಲಿ ಹೇಳಿದ್ದ. ಸರ್ವರ್ ಆರ್ಡರ್ ಚೀಟಿ ಬರೆದ. ಅಲರ್ಜಿಯ ಮಾತು ಚೀಟಿಗೆ ಹತ್ತಲೇ ಇಲ್ಲ. ಕಿಚನ್‌ನವರು ಚೀಟಿಯಲ್ಲಿ ಇದ್ದಂತೆ ತಟ್ಟೆ ಸಿದ್ಧ ಮಾಡಿದರು. ಸಾಸ್‌ನಲ್ಲಿ ಕಡಲೆಕಾಯಿ ಇತ್ತು. ತಟ್ಟೆ ಮೇಜಿನಿಂದ ಎರಡು ಹೆಜ್ಜೆ ದೂರ ಇದ್ದಾಗ ಹೋಸ್ಟ್‌ಗೆ ಅದ್ಯಾಕೋ ಅನುಮಾನ ಬಂದು, ಓಡಿ ಬಂದು ತಡೆದ.

ಅವತ್ತು ರಾತ್ರಿ ಯಾರ ತಪ್ಪು ಅಂತ ಎರಡು ಗಂಟೆ ಜಗಳವಾಡಿದೆವು. ತೀರ್ಮಾನ ಆಗಲಿಲ್ಲ, ಯಾಕೆಂದರೆ ಹೆಚ್ಚುಕಡಿಮೆ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು. ಮಾತು ಬಿದ್ದುಹೋಗಿದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ. ಆಮೇಲೆ ಹೋಟೆಲ್‌ಗಳಲ್ಲಿ ಕೆಲಸ ಮಾಡಿದಾಗಲೂ, ವಿದ್ಯಾರ್ಥಿಗಳಿಗೆ ಕಲಿಸುವಾಗಲೂ ನಾನು ಕಂಡಿದ್ದು ಇದನ್ನೇ. ರಿಸೆಪ್ಷನ್‌ನಿಂದ ಹೌಸ್‌ಕೀಪಿಂಗ್‌ಗೆ, ಸರ್ವಿಸ್‌ನಿಂದ ಕಿಚನ್‌ಗೆ, ಬೆಳಗಿನ ಶಿಫ್ಟ್‌ನಿಂದ ಮಧ್ಯಾಹ್ನದ ಶಿಫ್ಟ್‌ಗೆ ಕೈ ಬದಲಾಗುವಲ್ಲೇ ತಂಡ ಸೋರುತ್ತದೆ. ಹಾಗಾಗಿ ನಮ್ಮ ವೃತ್ತಿಯಲ್ಲಿ ನಾಯಕತ್ವ ಅಂದರೆ ಹುರುಪಿನ ಭಾಷಣಕ್ಕಿಂತ ಮೊದಲು ಈ ದಾಟುವ ಜಾಗಗಳನ್ನು ನೋಡಿಕೊಳ್ಳುವ ಕೆಲಸ. ಕೆಳಗಿನ ಹೆಜ್ಜೆಗಳೆಲ್ಲ ಆ ಲೆಕ್ಕದಲ್ಲೇ ಇವೆ. ಉದಾಹರಣೆಗೆ ವಿದ್ಯಾರ್ಥಿಗಳೇ ನಡೆಸುವ ಒಂದು ಥೀಮ್ ಡಿನ್ನರ್ ಇಟ್ಟುಕೊಂಡಿದ್ದೇನೆ, ತಯಾರಿಗೆ ಆರು ವಾರ ಇದೆ ಎಂದುಕೊಳ್ಳಿ. ಇದೇನು ಹೊಸ ಪದ್ಧತಿಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೋಟೆಲ್ ಶಿಕ್ಷಣ ಶುರುವಾಗಿದ್ದು 1922ರಲ್ಲಿ. ಅಲ್ಲಿನ ವಿದ್ಯಾರ್ಥಿಗಳು ತಾವೇ ಹೋಟೆಲ್ ನಡೆಸಿ ತೋರಿಸುವ ವಾರ್ಷಿಕ ಕಾರ್ಯಕ್ರಮ ಅದೇ ದಶಕದಿಂದ ನಡೆದು ಬಂದಿದೆ.

ಹೆಜ್ಜೆ 1: ಹೆಸರು ಹಂಚುವ ಮೊದಲು ನಕ್ಷೆ ಬರೆಯಿರಿ

ಸಾಮಾನ್ಯವಾಗಿ ಮೊದಲ ಸಭೆಯಲ್ಲೇ 'ಯಾರು ಕಿಚನ್, ಯಾರು ಸರ್ವಿಸ್' ಎಂದು ಹಂಚಿಕೊಂಡು ಎಲ್ಲರೂ ಎದ್ದುಬಿಡುತ್ತಾರೆ. ಅದನ್ನು ಒಂದು ದಿನ ಮುಂದಕ್ಕೆ ಹಾಕಿ. ದೊಡ್ಡ ಹಾಳೆಯೊಂದನ್ನು ಹರಡಿಕೊಂಡು ಅತಿಥಿಯ ದಾರಿಯನ್ನು ಬರೆಯಿರಿ. ಫೋನ್ ಮಾಡಿದರು, ಬುಕ್ ಆಯಿತು, ಬಂದರು, ಕೂತರು, ಆರ್ಡರ್ ಕೊಟ್ಟರು, ತಟ್ಟೆ ಬಂತು, ತಟ್ಟೆ ಹೋಯಿತು, ಬಿಲ್ ಆಯಿತು, ಹೊರಟರು. ಅದರ ಕೆಳಗೆ ಸಾಮಾನಿನ ದಾರಿ: ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ), ಸ್ಟೋರ್, ಕಿಚನ್, ಪಾಸ್ (ಸಿದ್ಧವಾದ ತಟ್ಟೆ ಕಿಚನ್‌ನಿಂದ ಸರ್ವಿಸ್‌ಗೆ ದಾಟುವ ಕಟ್ಟೆ), ಟೇಬಲ್, ಪಾತ್ರೆ ತೊಳೆಯುವ ಜಾಗ. ಈಗ ಕೆಂಪು ಪೆನ್ ತೆಗೆದುಕೊಂಡು, ಎಲ್ಲೆಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೋ ಅಲ್ಲೆಲ್ಲ ಒಂದು ಸುತ್ತು ಹಾಕಿ. ಸಣ್ಣ ಡಿನ್ನರ್‌ಗೂ ಹದಿನೈದು ಇಪ್ಪತ್ತು ಸುತ್ತು ಆರಾಮಾಗಿ ಬೀಳುತ್ತವೆ.

ಪ್ರತಿ ಸುತ್ತಿಗೂ ನಾಲ್ಕು ಸಂಗತಿ ಬರೆಯಬೇಕು: ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು, ಯಾವ ರೂಪದಲ್ಲಿ, ಎಷ್ಟು ಹೊತ್ತಿಗೆ. ನಮ್ಮ ಅಲರ್ಜಿ ಪ್ರಸಂಗವನ್ನೇ ತಗೊಳ್ಳಿ. ಕೊಡುವವರು ಹೋಸ್ಟ್, ಪಡೆಯುವವರು ಸರ್ವರ್, ರೂಪ ಬಾಯಿಮಾತು, ಹೊತ್ತು 'ಅತಿಥಿ ಬಂದಾಗ'. ಹೀಗೆ ಬರೆದ ಕೂಡಲೇ ತೂತು ಕಣ್ಣಿಗೆ ಬೀಳುತ್ತದೆ. ಬಾಯಿಮಾತು ಎಂಬಲ್ಲಿ ಗೀಟು ಹಾಕಿ 'ಕೆಂಪು ಸ್ಟಿಕ್ಕರ್ ಅಂಟಿಸಿದ ಚೀಟಿ' ಎಂದು ಬರೆಯುವುದು ಒಂದು ನಿಮಿಷದ ಕೆಲಸ. ಅದನ್ನು ನಾವು ಆರು ವಾರದಲ್ಲಿ ಮಾಡಿರಲಿಲ್ಲ.

ಇಲ್ಲೊಂದು ಹಳೆಯ ಕಥೆ ಹೇಳಬೇಕು. 1890ರಲ್ಲಿ ಲಂಡನ್‌ನ ಸವಾಯ್ ಹೋಟೆಲ್‌ಗೆ ಬಂದ ಫ್ರೆಂಚ್ ಶೆಫ್ ಓಗ್ಯುಸ್ತ್ ಎಸ್ಕಾಫಿಯೆ, ಹಿಂದೆ ಸೈನ್ಯದಲ್ಲಿ ಅಡುಗೆ ಮಾಡಿದ್ದವರು. ಕಿಚನ್ ಅನ್ನು ಸೆಕ್ಷನ್‌ಗಳಾಗಿ ಒಡೆದು ಬ್ರಿಗೇಡ್ ಪದ್ಧತಿಯನ್ನು ನೆಲೆಗೊಳಿಸಿದ್ದು ಅವರೇ. ಮೊದಲು ಒಂದು ತಟ್ಟೆಯನ್ನು ಒಬ್ಬನೇ ಅಡುಗೆಯವನು ಶುರುವಿನಿಂದ ಕೊನೆಯವರೆಗೆ ಮಾಡುತ್ತಿದ್ದ. ಹಾಗೆ ಮಾಡಿದರೆ 15 ನಿಮಿಷ ಹಿಡಿಯುತ್ತಿದ್ದ ಮೊಟ್ಟೆಯ ಖಾದ್ಯವೊಂದನ್ನು ಒಬ್ಬ ಮೊಟ್ಟೆಗೆ, ಒಬ್ಬ ಮಾಂಸಕ್ಕೆ, ಒಬ್ಬ ಸಾಸ್‌ಗೆ ಎಂದು ಹಂಚಿದಾಗ ಕೆಲವೇ ನಿಮಿಷಗಳಲ್ಲಿ ಆಗತೊಡಗಿತು. ಕಥೆಯ ಈ ಅರ್ಧ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಉಳಿದ ಅರ್ಧ ಏನೆಂದರೆ, ಕೆಲಸ ಮೂರು ತುಂಡಾದ ಕೂಡಲೇ ಮೂರನ್ನೂ ಒಂದೇ ಕ್ಷಣಕ್ಕೆ ಒಂದು ತಟ್ಟೆಗೆ ತರುವವನೊಬ್ಬ ಬೇಕಾದ. ಅದಕ್ಕೇ ಬ್ರಿಗೇಡ್‌ನಲ್ಲಿ ಅಬ್ವಾಯೆರ್ ಎಂಬ ಹುದ್ದೆ ಇದೆ. ಫ್ರೆಂಚ್‌ನಲ್ಲಿ ಆ ಪದಕ್ಕೆ 'ಬೊಗಳುವವನು' ಎಂದೇ ಅರ್ಥ. ಚೀಟಿ ನೋಡಿ ಕೂಗಿ ಹೇಳುವುದು, ಬಂದ ತಟ್ಟೆ ನೋಡಿ ಬಿಡುವುದು ಅವನ ಕೆಲಸ. ಕೆಲಸ ಹಂಚಿದಷ್ಟೂ ದಾಟುವ ಜಾಗಗಳು ಹೆಚ್ಚುತ್ತವೆ, ಪ್ರತಿ ಜಾಗಕ್ಕೂ ಒಬ್ಬ ಕಾವಲುಗಾರ ಬೇಕು. ವಿದ್ಯಾರ್ಥಿ ತಂಡಗಳು ಹಂಚುವುದನ್ನು ಮಾತ್ರ ಕಲಿತಿರುತ್ತವೆ.

ಹೆಜ್ಜೆ 2: ಕೈ ಖಾಲಿ ಇರುವವರನ್ನು ಲೀಡರ್ ಮಾಡಿ

ಚೆನ್ನಾಗಿ ಅಡುಗೆ ಮಾಡುವವರು, ಇಂಗ್ಲಿಷ್ ಚೆನ್ನಾಗಿ ಮಾತಾಡುವವರು, ಎಲ್ಲರಿಗೂ ಬೇಕಾದವರು: ಸಾಮಾನ್ಯವಾಗಿ ಈ ಮೂವರಲ್ಲಿ ಒಬ್ಬರು ಲೀಡರ್ ಆಗುತ್ತಾರೆ. ಮೂರೂ ತಪ್ಪಲ್ಲ, ಆದರೆ ಒಂದು ಷರತ್ತು ಇಡಿ. ಲೀಡರ್ ಆದವರು ಸರ್ವಿಸ್ ಹೊತ್ತಿನಲ್ಲಿ ಯಾವ ಸ್ಟೇಷನ್‌ನಲ್ಲೂ ನಿಲ್ಲಬಾರದು. ತಟ್ಟೆ ಹೊರುತ್ತಿರುವವರಿಗೆ, ಸಾಸ್ ಕಲಕುತ್ತಿರುವವರಿಗೆ ಇಡೀ ರೂಮ್ ಕಾಣುವುದಿಲ್ಲ. ತರಗತಿಯ ಅತ್ಯುತ್ತಮ ಕುಕ್ ಅನ್ನು ಲೀಡರ್ ಮಾಡಿದರೆ ಒಳ್ಳೆಯ ಕುಕ್ ಒಬ್ಬರನ್ನು ಕಳೆದುಕೊಂಡ ಹಾಗೆಯೇ. ಅವರಂತೂ ಹೇಗಿದ್ದರೂ ಒಲೆ ಬಿಟ್ಟು ಬರುವವರಲ್ಲ.

ಹೇಗೆ ನಡೆಸಬೇಕು ಎಂಬುದು ಮುಂದಿನ ಮಾತು. 1939ರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಜೊತೆಗಾರರಾದ ಲಿಪಿಟ್, ವೈಟ್ ಒಂದು ಅಧ್ಯಯನ ಪ್ರಕಟಿಸಿದರು. ಹುಡುಗರ ಹವ್ಯಾಸ ಗುಂಪುಗಳನ್ನು ಮೂರು ಬಗೆಯ ನಾಯಕರ ಕೈಗೆ ಕೊಟ್ಟು ನೋಡಿದ್ದರು: ಎಲ್ಲವನ್ನೂ ತಾನೇ ಆಜ್ಞಾಪಿಸುವವನು, ಎಲ್ಲರನ್ನೂ ಕೇಳಿ ನಡೆಯುವವನು, ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವವನು. ಆಜ್ಞಾಪಿಸುವವನು ಎದುರಿಗಿದ್ದಾಗ ಕೆಲಸ ಜೋರಾಗಿ ನಡೆಯಿತು, ಆತ ಹೊರಗೆ ಹೋದ ಕೂಡಲೇ ಕುಸಿಯಿತು. ಕೇಳಿ ನಡೆಯುವವನ ಗುಂಪು ಆತ ಇಲ್ಲದಾಗಲೂ ಕೆಲಸ ಮುಂದುವರಿಸಿತು. ಇದನ್ನು ಓದಿ 'ಹಾಗಾದರೆ ಯಾವಾಗಲೂ ಎಲ್ಲರನ್ನೂ ಕೇಳೋಣ' ಎನ್ನುವ ತೀರ್ಮಾನಕ್ಕೆ ಬಂದವರನ್ನು ನಾನು ನೋಡಿದ್ದೇನೆ. ಎಂಟೂವರೆಗೆ, ಹದಿನಾಲ್ಕು ಚೀಟಿ ಪಾಸ್ ಮೇಲೆ ನೇತಾಡುತ್ತಿರುವಾಗ, ಮತ ಹಾಕಿಸಲು ಹೋಗಬೇಡಿ. ಮೆನು, ಬಜೆಟ್, ಯಾರಿಗೆ ಯಾವ ಕೆಲಸ ಇವೆಲ್ಲ ತಯಾರಿಯ ಆರು ವಾರಗಳಲ್ಲಿ ಚರ್ಚೆಯಾಗಬೇಕು, ಅಲ್ಲಿ ಕೊನೆಯ ಬೆಂಚಿನವರ ಮಾತೂ ಬರಬೇಕು. ಸರ್ವಿಸ್‌ನ ಮೂರು ಗಂಟೆಗಳಲ್ಲಿ ಮಾತ್ರ ಒಬ್ಬರ ಮಾತು ನಡೆಯಬೇಕು. ಈ ಗೆರೆಯನ್ನು ಮೊದಲೇ ಎಳೆದು ಎಲ್ಲರಿಗೂ ತಿಳಿಸಿದ್ದರೆ, ಅವತ್ತು ಲೀಡರ್ ಗಟ್ಟಿಯಾಗಿ ಹೇಳಿದ್ದನ್ನು ಯಾರೂ ದರ್ಪ ಎಂದುಕೊಳ್ಳುವುದಿಲ್ಲ.

ಸಹಪಾಠಿಗಳನ್ನೇ ನಡೆಸುವುದಕ್ಕಿಂತ ಕಷ್ಟದ ಕೆಲಸ ಇಲ್ಲ. ಸಂಬಳ ಕೊಡುವವರು ನೀವಲ್ಲ, ಕೆಲಸದಿಂದ ತೆಗೆಯಲಾರಿರಿ, ನಾಳೆ ಅವರ ಪಕ್ಕದಲ್ಲೇ ಕೂರಬೇಕು. ಗೆಳೆಯನೊಬ್ಬ ಹೇಳಿದ ಹೊತ್ತಿಗೆ ಬರಲಿಲ್ಲ ಅನ್ನಿ. 'ಏನೋ, ನಿಂಗೆ ಜವಾಬ್ದಾರಿನೇ ಇಲ್ವಾ?' ಎಂದರೆ ಮಾತು ಅವನ ಗುಣದ ಮೇಲೆ ಹೋಗುತ್ತದೆ, ಅವನು ಸೆಟೆದು ನಿಲ್ಲುತ್ತಾನೆ. 'ಪರವಾಗಿಲ್ಲ ಬಿಡು' ಎಂದರೆ ಉಳಿದ ಹತ್ತು ಜನ ನೋಡುತ್ತಿರುತ್ತಾರೆ. ನಾನು ಕಲಿಸುವ ದಾರಿ ಇಷ್ಟೆ: ಆಗಿದ್ದನ್ನು ಹೇಳಿ, ಅದು ಯಾರ ಮೇಲೆ ಬಿತ್ತು ಎಂದು ಹೇಳಿ, ಆಮೇಲೆ ಕೇಳಿ. 'ನಾಲ್ಕಕ್ಕೆ ಗ್ಲಾಸ್ ಪಾಲಿಶ್ ಮುಗೀಬೇಕಿತ್ತು. ನೀನು ಬರದೆ ಟೇಬಲ್ ಸೆಟಪ್‌ನವರು ಮುಕ್ಕಾಲು ಗಂಟೆ ಕಾದ್ರು. ನಾಳೆ ಮೂರೂವರೆಗೆ ಬರೋಕಾಗುತ್ತಾ, ಇಲ್ಲ ಬೇರೆಯವರಿಗೆ ಕೊಡ್ಲಾ?' ಇದರಲ್ಲಿ ಬೈಗುಳ ಇಲ್ಲ, ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಒಬ್ಬರೇ ಇದ್ದಾಗ ಹೇಳಿ.

ಹೆಜ್ಜೆ 3: ಒಂದು ಕೆಲಸ, ಒಂದು ಹೆಸರು

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಅದನ್ನು ಅಳೆದು ನೋಡಿದವರೂ ಇದ್ದಾರೆ. ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ, ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು. ಜನ ಸೇರಿದಂತೆಲ್ಲ ಒಟ್ಟು ಎಳೆತ ಏರಿತು, ಆದರೆ ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಇಳಿಯುತ್ತಾ ಹೋಯಿತು. ಎಂಟು ಜನ ಸೇರಿದಾಗ ಒಬ್ಬೊಬ್ಬರ ಪಾಲು ಒಂಟಿಯಾಗಿ ಎಳೆದದ್ದರ ಸುಮಾರು ಅರ್ಧಕ್ಕೆ ಬಂದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. 'ನಾನೊಬ್ಬ ಎಳೆಯದಿದ್ದರೆ ಏನಾಯಿತು' ಎಂಬ ಸಡಿಲಿಕೆ ಇನ್ನೊಂದು. 1979ರಲ್ಲಿ ಮನೋವಿಜ್ಞಾನಿ ಲತಾನೆ ಮತ್ತು ಜೊತೆಯವರು ಜನರಿಂದ ಕೂಗಿಸಿ, ಚಪ್ಪಾಳೆ ತಟ್ಟಿಸಿ ಈ ಎರಡನೆಯ ಕಾರಣ ನಿಜವೆಂದು ತೋರಿಸಿದರು. ಯಾರ ಸದ್ದು ಎಷ್ಟು ಎಂದು ಬೇರೆ ಬೇರೆಯಾಗಿ ಗೊತ್ತಾಗದ ಕಡೆ ಸೋಮಾರಿತನ ಬೆಳೆಯುತ್ತದೆ.

ಆದ್ದರಿಂದ ಕೆಲಸದ ಪಟ್ಟಿಯಲ್ಲಿ 'ಡೆಕೊರೇಷನ್: ಐದು ಜನ' ಎಂದು ಬರೆಯಬೇಡಿ. ಟೇಬಲ್ ಹೂವು ಒಬ್ಬರು, ಮೆನು ಕಾರ್ಡ್ ಒಬ್ಬರು, ದೀಪ ಒಬ್ಬರು. ನೆರವಿಗೆ ಎಷ್ಟು ಜನ ಬೇಕಾದರೂ ಇರಲಿ, ಉತ್ತರ ಹೇಳುವ ಹೆಸರು ಒಂದೇ ಇರಲಿ. ಕೆಲಸವನ್ನು ಕ್ರಿಯಾಪದದಿಂದ ಮುಗಿಸಿ, ಹೊತ್ತು ಹಾಕಿ. 'ಲಿನನ್' ಎಂದು ಬರೆದರೆ ಅದು ಕೆಲಸವಲ್ಲ, ಬಟ್ಟೆ. 'ಗುರುವಾರ ಐದರೊಳಗೆ 22 ಟೇಬಲ್ ಕ್ಲಾತ್, 100 ನ್ಯಾಪ್ಕಿನ್ ಎಣಿಸಿ, ಕಲೆ ಇರುವುದನ್ನು ಬೇರೆ ಇಟ್ಟು, ಸಂಖ್ಯೆಯನ್ನು ಲೀಡರ್‌ಗೆ ತಿಳಿಸುವುದು', ಇದು ಕೆಲಸ.

ಯಾರಿಗೂ ಬೇಡದ ಕೆಲಸವೊಂದು ಉಳಿಯುತ್ತದೆ: ಪಾತ್ರೆ ತೊಳೆಯುವುದು, ಕಸ ವಿಂಗಡಿಸುವುದು, ಅಂದರೆ ಕಿಚನ್ ಸ್ಟೂವರ್ಡಿಂಗ್. ಗಲಾಟೆ ಮಾಡದ ಹುಡುಗರ ತಲೆಗೆ ಅದನ್ನು ಕಟ್ಟುವ ಚಾಳಿ ಎಲ್ಲ ತಂಡಗಳಲ್ಲೂ ಇದೆ. ಸರದಿ ಹಾಕಿ, ಸರದಿಯ ಮೊದಲ ಹೆಸರು ಲೀಡರ್‌ನದೇ ಇರಲಿ.

ಹೆಜ್ಜೆ 4: ಒಂದು ಪುಟದ ಒಪ್ಪಂದ

ಮೊದಲ ವಾರದಲ್ಲೇ, ಎಲ್ಲರೂ ಚೆನ್ನಾಗಿರುವಾಗಲೇ, ಒಂದು ಪುಟ ಬರೆದು ಸಹಿ ಹಾಕಿ. ಸಭೆಗೆ ಎಷ್ಟು ತಡವಾದರೆ ಗೈರು ಎಂದು ಲೆಕ್ಕ, ಬರಲಾಗದಿದ್ದರೆ ಎಷ್ಟು ಗಂಟೆ ಮೊದಲು ತಿಳಿಸಬೇಕು, ವಾಟ್ಸ್ಯಾಪ್ ಗುಂಪಿನಲ್ಲಿ ಯಾವುದನ್ನು ನಿರ್ಧರಿಸಬಹುದು, ಯಾವುದನ್ನು ಎದುರಾಬದುರು ಕೂತೇ ನಿರ್ಧರಿಸಬೇಕು, ಹಣ ಯಾರ ಕೈಯಲ್ಲಿ, ಲೆಕ್ಕ ಯಾವತ್ತು. ಗುಂಪಿನಲ್ಲಿ ಹೆಬ್ಬೆಟ್ಟಿನ ಚಿತ್ರ ಒತ್ತಿದರೆ ಅದು ಒಪ್ಪಿಗೆಯೋ, ಬರೀ 'ನೋಡಿದೆ' ಅಂತಲೋ ಎಂಬುದನ್ನೂ ಬರೆಯಿರಿ. ನಗಬೇಡಿ, ಇದೊಂದರಿಂದಲೇ ಐಸ್ ತರಿಸದೆ ಉಳಿದ ತಂಡವನ್ನು ನಾನು ಬಲ್ಲೆ.

ಎರಡನೆಯ ಮೂರನೆಯ ವಾರದಲ್ಲಿ ಜಗಳ ಬರುತ್ತದೆ. ಹೆದರಬೇಡಿ. ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪುಗಳ ಬಗ್ಗೆ ಬರೆದಾಗ ಗುರುತಿಸಿದ ನಾಲ್ಕು ಹಂತಗಳಲ್ಲಿ ಎರಡನೆಯದೇ ಬಿರುಗಾಳಿ: ಕೂಡುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಆಮೇಲೆ ಕೆಲಸ. ಕಿತ್ತಾಟವನ್ನು ಮುಚ್ಚಿಟ್ಟ ತಂಡಗಳಿಗೆ ಆ ಬಿರುಗಾಳಿ ಸರ್ವಿಸ್ ದಿನ ಬರುತ್ತದೆ. ಮೂರನೆಯ ವಾರಕ್ಕೂ ಒಂದು ಜಗಳ ಆಗಿಲ್ಲವೆಂದರೆ, ಲೀಡರ್ ಆದವರು ಬೇಕೆಂದೇ ಒಂದು ಡಮ್ಮಿ ಸರ್ವಿಸ್ (ಅತಿಥಿಗಳಿಲ್ಲದ ತಾಲೀಮು) ಇಟ್ಟು, ಅರ್ಧ ಹೊತ್ತಿನಲ್ಲಿ ಮೂರು ಟೇಬಲ್ ಹೆಚ್ಚಿಗೆ ಬಂದವೆಂದು ಹೇಳಿ ನೋಡಲಿ. ಯಾರು ಯಾರ ಮೇಲೆ ರೇಗುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.

ಹೆಜ್ಜೆ 5: ಕಿಚನ್ ಮತ್ತು ಸರ್ವಿಸ್ ನಡುವಿನ ಬೇಲಿ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇರುವ ಎರಡು ಪಂಗಡ ಇವು. ವಿಲಿಯಂ ಫೂಟ್ ವೈಟ್ ಎಂಬ ಸಮಾಜಶಾಸ್ತ್ರಜ್ಞ 1940ರ ದಶಕದಲ್ಲಿ ಶಿಕಾಗೊದ ರೆಸ್ಟೋರೆಂಟ್‌ಗಳಲ್ಲಿ ಕೂತು ಇದನ್ನೇ ಗಮನಿಸಿ, 1948ರಲ್ಲಿ ಪ್ರಕಟಿಸಿದರು. ತಮ್ಮನ್ನು ಮೇಲಿನವರು ಎಂದುಕೊಂಡ ಅಡುಗೆಯವರಿಗೆ ಕೆಳಗಿನವರು ಎಂದುಕೊಂಡ ವೇಟ್ರೆಸ್‌ಗಳು ಬಂದು 'ಇದು ಬೇಕು, ಬೇಗ ಬೇಕು' ಎಂದು ಕೂಗುವುದೇ ವೈಟ್ ಅವರ ಕಣ್ಣಲ್ಲಿ ಜಗಳದ ಮೂಲ. ಬೇಕೆಂದೇ ತಡ ಮಾಡುವ ಅಡುಗೆಯವರೂ ಇದ್ದರು, ಅಳುತ್ತಾ ಹೊರಬರುವ ವೇಟ್ರೆಸ್‌ಗಳೂ ಇದ್ದರು. ಆರ್ಡರ್ ಅನ್ನು ಚೀಟಿಯಲ್ಲಿ ಬರೆದು ಮೊಳೆಗೆ ಚುಚ್ಚಿಡುವ ಏರ್ಪಾಡು ಇದ್ದ ಕಡೆ ಈ ಬಿಸಿ ಕಡಿಮೆಯಾಗಿತ್ತು. ಅಲ್ಲಿ ಅಡುಗೆಯವರಿಗೆ ಆಜ್ಞೆ ಕೊಟ್ಟಿದ್ದು ಕಾಗದ, ಮನುಷ್ಯ ಅಲ್ಲ. ಇವತ್ತು ನಾವು ಕೆಓಟಿ (ಕಿಚನ್ ಆರ್ಡರ್ ಟಿಕೆಟ್) ಎನ್ನುವ ಚೀಟಿಯನ್ನು ಬರೀ ಲೆಕ್ಕಕ್ಕೆ ಎಂದು ಕಲಿಯುತ್ತೇವೆ. ನನ್ನ ಮಟ್ಟಿಗೆ ಅದು ಶಾಂತಿ ಒಪ್ಪಂದವೂ ಹೌದು.

ಮಾಡಬೇಕಾದ್ದು ಎರಡು. ಸರ್ವಿಸ್‌ನವರು ಯಾರೂ ಕುಕ್ ಹತ್ತಿರ ನೇರವಾಗಿ ಹೋಗಬಾರದು. ಚೀಟಿ ಪಾಸ್‌ಗೆ ಬರಬೇಕು, ಅಲ್ಲಿ ನಿಂತಿರುವ ಒಬ್ಬರು ಓದಿ ಹೇಳಬೇಕು. ಇನ್ನೊಂದು, ಡಮ್ಮಿ ಸರ್ವಿಸ್‌ನಲ್ಲಿ ಒಂದು ಸಲ ಎರಡೂ ಪಂಗಡಗಳನ್ನು ಅದಲುಬದಲು ಮಾಡಿ. ಬಿಸಿ ತಟ್ಟೆ ಹಿಡಿದು ನಿಂತಾಗ ಕುಕ್‌ಗೆ, ಐದು ಚೀಟಿ ಒಟ್ಟಿಗೆ ಬಂದಾಗ ಸರ್ವರ್‌ಗೆ, ಎದುರಿನವರ ಕಷ್ಟ ಒಂದೇ ಗಂಟೆಯಲ್ಲಿ ಅರ್ಥವಾಗುತ್ತದೆ.

ಹೆಜ್ಜೆ 6: ಹತ್ತು ನಿಮಿಷದ ಬ್ರೀಫಿಂಗ್

ಸರ್ವಿಸ್‌ಗೆ ಅರ್ಧ ಗಂಟೆ ಮೊದಲು, ಎಲ್ಲರೂ ನಿಂತೇ ಇರಬೇಕು. ಕೂತರೆ ಅದು ಸಭೆಯಾಗಿ ಅರ್ಧ ಗಂಟೆ ಹಿಡಿಯುತ್ತದೆ. ರಿಟ್ಜ್-ಕಾರ್ಲ್‌ಟನ್ ಹೋಟೆಲ್‌ಗಳಲ್ಲಿ ದಿನವೂ ಶಿಫ್ಟ್ ಶುರುವಿಗೆ ಹೀಗೆ ಸೇರುವುದಕ್ಕೆ 'ಲೈನ್-ಅಪ್' ಎನ್ನುತ್ತಾರೆ. ಕ್ರಮ ಹೀಗಿರಲಿ: ಎಷ್ಟು ಕವರ್, ಯಾವ ಹೊತ್ತಿಗೆ ನೂಕುನುಗ್ಗಲು, ಯಾವ ಟೇಬಲ್‌ನಲ್ಲಿ ಅಲರ್ಜಿ ಅಥವಾ ವಿಶೇಷ ಬೇಡಿಕೆ, ಮೆನುವಿನಲ್ಲಿ ಯಾವುದು ಕಡಿಮೆ ಇದೆ, ಇವತ್ತು ಯಾರ ಜಾಗದಲ್ಲಿ ಯಾರು. ಇದಿಷ್ಟನ್ನು ಲೀಡರ್ ಹೇಳಬೇಕು. ಆಮೇಲೆ ಅಡ್ಡಾದಿಡ್ಡಿ ಕೇಳಬೇಕು: 'ಏಳನೇ ಟೇಬಲ್‌ನಲ್ಲಿ ಏನು?' ಕೇಳಿಸಿಕೊಂಡವರು ತಿರುಗಿ ಹೇಳಿದಾಗ ಮಾತ್ರ ಮಾತು ದಾಟಿತು ಎಂದು ಲೆಕ್ಕ. 'ಎಲ್ಲರಿಗೂ ಗೊತ್ತಾಯ್ತಲ್ಲ?' ಎಂಬ ಪ್ರಶ್ನೆಗೆ ಇವತ್ತಿನವರೆಗೆ ಯಾರೂ ಇಲ್ಲ ಅಂದಿದ್ದನ್ನು ನಾನು ಕೇಳಿಲ್ಲ.

ಬ್ರೀಫಿಂಗ್‌ನಲ್ಲೇ ಅಧಿಕಾರವನ್ನೂ ಹಂಚಿ. ಅತಿಥಿಯ ಸಮಸ್ಯೆ ಬಗೆಹರಿಸಲು ಒಬ್ಬ ನೌಕರ ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದೆಂಬ ರಿಟ್ಜ್-ಕಾರ್ಲ್‌ಟನ್‌ನ ನಿಯಮ ಪ್ರಸಿದ್ಧ. ನಿಮ್ಮಲ್ಲಿ ಅಷ್ಟು ದುಡ್ಡು ಇಲ್ಲದಿರಬಹುದು, ಆದರೆ 'ತಟ್ಟೆ ಬದಲಿಸಿ ಕೊಡಬಹುದು, ಟೇಬಲ್ ಬದಲಿಸಬಹುದು, ಒಂದು ಡೆಸರ್ಟ್ ನಮ್ಮ ಕಡೆಯಿಂದ ಎನ್ನಬಹುದು, ಯಾರನ್ನೂ ಕೇಳಬೇಕಿಲ್ಲ' ಎಂದು ಹೇಳಬಹುದಲ್ಲ. ಅಷ್ಟಾದರೆ ಲೀಡರ್‌ನನ್ನು ಹುಡುಕುತ್ತಾ ಓಡುವವರು ಅರ್ಧಕ್ಕೆ ಇಳಿಯುತ್ತಾರೆ.

ಹೆಜ್ಜೆ 7: ಸರ್ವಿಸ್ ಹೊತ್ತು

ಲೀಡರ್ ನಿಲ್ಲುವ ಜಾಗ ಪಾಸ್‌ನ ಹತ್ತಿರ, ರೂಮ್ ಮತ್ತು ಕಿಚನ್ ಎರಡೂ ಕಾಣುವ ಕಡೆ. ಪಾಸ್‌ನಲ್ಲಿ ಕೂಗಿದ್ದನ್ನು ಸೆಕ್ಷನ್‌ನವರು ತಿರುಗಿ ಕೂಗಬೇಕು. 'ಟೇಬಲ್ ಏಳು, ಎರಡು ಮೇನ್, ಒಂದಕ್ಕೆ ಸಾಸ್ ಬೇಡ, ಅಲರ್ಜಿ!' 'ಏಳು, ಎರಡು ಮೇನ್, ಒಂದು ಸಾಸ್ ಇಲ್ಲ, ಅಲರ್ಜಿ!' ಮೊದಲ ದಿನ ನಾಟಕದಂತೆ ಕಾಣುತ್ತದೆ, ನಾಚಿಕೆಯಾಗುತ್ತದೆ. ಎರಡನೆಯ ದಿನಕ್ಕೆ ಅಭ್ಯಾಸವಾಗುತ್ತದೆ.

ಇದಕ್ಕಿಂತ ಮುಖ್ಯ, ಕಿರಿಯರ ಬಾಯಿ ಕಟ್ಟದಿರುವುದು. 1977ರಲ್ಲಿ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ಎರಡು ಜಂಬೊ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ರನ್‌ವೇ ಇನ್ನೂ ಖಾಲಿಯಾಗಿಲ್ಲವೇನೋ ಎಂಬ ಅನುಮಾನ ಕಾಕ್‌ಪಿಟ್‌ನಲ್ಲಿದ್ದ ಕಿರಿಯ ಸಿಬ್ಬಂದಿಗೆ ಬಂದಿತ್ತು, ಕೇಳಿಯೂ ಇದ್ದರು, ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ ಮೇಲೆ ಸುಮ್ಮನಾದರು. ಇಂಥ ಅಪಘಾತಗಳ ಪಾಠದಿಂದಲೇ 1979ರಲ್ಲಿ ನಾಸಾ ಕರೆದ ಕಾರ್ಯಾಗಾರದ ನಂತರ, ಕಿರಿಯರು ಧೈರ್ಯವಾಗಿ ಹೇಳುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ವಿಮಾನಯಾನದಲ್ಲಿ ತರಬೇತಿಯಾಗಿ ಕಲಿಸತೊಡಗಿದರು. ಡಿನ್ನರ್‌ಗೂ ವಿಮಾನಕ್ಕೂ ಏನು ಹೋಲಿಕೆ ಎನ್ನಬಹುದು. ಅಲರ್ಜಿ ಇರುವವರ ಮುಂದೆ ತಟ್ಟೆ ಇಡುವವರೆಗೆ ಮಾತ್ರ ಹಾಗೆ ಅನ್ನಿಸುತ್ತದೆ. ನಮ್ಮಲ್ಲಿ ನಿಯಮ ಸರಳ: ಅನುಮಾನ ಬಂದರೆ ಒಂದು ಸಲ ಹೇಳಿ, ಕೇಳಿಸಿಕೊಳ್ಳದಿದ್ದರೆ ಇನ್ನೊಂದು ಸಲ ಹೇಳಿ, ಆಗಲೂ ಕೇಳದಿದ್ದರೆ ತಟ್ಟೆ ಹಿಡಿದು ನಿಲ್ಲಿ, ಬಿಡಬೇಡಿ. ಮೊದಲ ವರ್ಷದ ಹುಡುಗಿ ಮೂರನೆಯ ವರ್ಷದ ಶೆಫ್‌ನ ತಟ್ಟೆ ತಡೆದರೂ ಸರಿಯೇ. ಅವಳ ಅನುಮಾನ ಸುಳ್ಳಾಗಿದ್ದರೂ ಎಲ್ಲರ ಮುಂದೆ ಅವಳಿಗೆ 'ಒಳ್ಳೇದು ಮಾಡಿದೆ' ಎನ್ನುವುದು ಲೀಡರ್‌ನ ಕೆಲಸ.

ಹೆಜ್ಜೆ 8: ಮುಗಿದ ಮೇಲೆ ಇಪ್ಪತ್ತು ನಿಮಿಷ

ಡಿಬ್ರೀಫ್ ಅನ್ನು, ಅಂದರೆ ಆಗಿದ್ದನ್ನು ಎಲ್ಲರೂ ಸೇರಿ ತಿರುಗಿ ನೋಡುವ ಮಾತುಕತೆಯನ್ನು, ನಾಳೆಗೆ ಹಾಕಬೇಡಿ. ನಾಳೆಗೆ ಎಲ್ಲರ ಹತ್ತಿರವೂ ಒಂದೊಂದು ಕಥೆ ಸಿದ್ಧವಾಗಿರುತ್ತದೆ. ಪಾತ್ರೆ ಮುಗಿದ ಕೂಡಲೇ, ನೀರು ಕುಡಿದು, ಅಲ್ಲೇ ಸೇರಿ. ನನ್ನ ತರಗತಿಯಲ್ಲಿ ಒಂದೇ ಕಟ್ಟಳೆ: 'ಯಾರು' ಎಂಬ ಪದ ನಿಷಿದ್ಧ, 'ಎಲ್ಲಿ' ಎಂದು ಕೇಳಬೇಕು. ಎಲ್ಲಿ ತಡವಾಯಿತು? ಎಲ್ಲಿ ಮಾತು ಬಿತ್ತು? ನಿನ್ನ ಕೈಗೆ ಬರಬೇಕಾಗಿದ್ದು ಯಾವುದು ಬರಲಿಲ್ಲ? ಮೊದಲ ತಪ್ಪನ್ನು ಲೀಡರ್ ತನ್ನದೇ ಹೇಳಬೇಕು, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡುವಾಗ, ಒಳ್ಳೆಯ ತಂಡಗಳಲ್ಲಿ ಔಷಧದ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದರು. ಲೆಕ್ಕ ತಿರುಗಾಮುರುಗಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆನ್ನುವುದಕ್ಕಿಂತ, ಹೆದರದೆ ಹೇಳುತ್ತಿದ್ದರು ಎಂಬುದು ಆಕೆ ಕಂಡುಕೊಂಡ ವಿವರಣೆ. ತಂಡದಲ್ಲಿ ಹೀಗೆ ನಿರ್ಭಯವಾಗಿ ಮಾತಾಡಬಲ್ಲ ವಾತಾವರಣದ ಬಗ್ಗೆ 1999ರಲ್ಲಿ ಅವರು ಬರೆದ ಪ್ರಬಂಧ ಇವತ್ತು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಪಾಠವಾಗಿದೆ. ನಿಮ್ಮ ಡಿಬ್ರೀಫ್‌ನಲ್ಲಿ 'ಎಲ್ಲಾ ಚೆನ್ನಾಗಾಯ್ತು' ಎಂದೇ ಎಲ್ಲರೂ ಅಂದರೆ, ಖುಷಿಪಡುವ ಮೊದಲು ಸ್ವಲ್ಪ ಅನುಮಾನ ಪಡಿ.

ಅಂಕಗಳ ವಿಷಯ ಬೇಗ ಮುಗಿಸುತ್ತೇನೆ. ಸಹಪಾಠಿಗಳೇ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿ ಇದ್ದರೆ, 'ತಂಡ ಮನೋಭಾವ: 8' ಎಂಬಂಥ ಸಾಲು ಬಿಟ್ಟು, ಹಂಚಿದ ಕೆಲಸದ ಪಟ್ಟಿ ಎದುರಿಗಿಟ್ಟುಕೊಂಡು ಆಗಿದೆ, ತಡವಾಗಿ ಆಗಿದೆ, ಆಗಿಲ್ಲ ಎಂದಷ್ಟೇ ಗುರುತಿಸಿ.

ಹೆಜ್ಜೆ 9: ಇಂಡಸ್ಟ್ರಿಯಲ್ ಟ್ರೇನಿಂಗ್‌ಗೆ ಹೋದಾಗ

ಹೋಟೆಲ್‌ನಲ್ಲಿ ಟ್ರೇನಿ ಆಗಿ ಸೇರಿದಾಗ ನೀವು ಯಾರ ಲೀಡರ್ ಕೂಡ ಅಲ್ಲ. ಆದರೂ ಒಂದು ದಾಟುವ ಜಾಗ ಸಂಪೂರ್ಣ ನಿಮ್ಮ ಕೈಯಲ್ಲಿರುತ್ತದೆ: ಶಿಫ್ಟ್ ಮುಗಿಸಿ ಹೊರಡುವಾಗ ಲಾಗ್ ಬುಕ್‌ನಲ್ಲಿ ಬರೆಯುವ ಸಾಲು. ಫ್ರಂಟ್ ಆಫೀಸ್‌ನಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗಿರುತ್ತದೆ: 'ರೂಮ್ 412, ಎಸಿ ಕಂಪ್ಲೇಂಟ್, ಎಂಜಿನಿಯರಿಂಗ್‌ಗೆ ಹೇಳಲಾಗಿದೆ.' ಸಂಜೆ ಬಂದವನಿಗೆ ಇದರಿಂದ ಏನು ತಿಳಿಯಿತು? ಯಾರಿಗೆ ಹೇಳಿದ್ದು? ಅತಿಥಿ ಸಿಟ್ಟಾಗಿದ್ದಾರೋ ಇಲ್ಲವೋ? ಬದಲಿಗೆ ಹೀಗೆ ಬರೆಯಿರಿ: 'ರೂಮ್ 412, ಎಸಿ ತಣ್ಣಗಾಗುತ್ತಿಲ್ಲ, 2.40ಕ್ಕೆ ಎಂಜಿನಿಯರಿಂಗ್ ಡ್ಯೂಟಿಯಲ್ಲಿದ್ದವರಿಗೆ ಫೋನ್ ಮಾಡಿದೆ. 4ರೊಳಗೆ ಸರಿಯಾಗುತ್ತದೆ ಎಂದು ಅತಿಥಿಗೆ ಮಾತು ಕೊಟ್ಟಿದ್ದೇವೆ. 4ಕ್ಕೆ ಫೋನ್ ಮಾಡಿ ಕೇಳುವುದು. ಆಗಿರದಿದ್ದರೆ 415 ಖಾಲಿ ಇದೆ, ಹೌಸ್‌ಕೀಪಿಂಗ್ ಸಿದ್ಧ ಮಾಡಿದೆ.' ಆಗಿದ್ದು, ಕೊಟ್ಟ ಮಾತು, ಮುಂದಿನ ಕೆಲಸ, ಅದಾಗದಿದ್ದರೆ ಏನು: ನಾಲ್ಕೂ ಇದೆ. ಹೀಗೆ ಬರೆಯುವ ಟ್ರೇನಿಯ ಹೆಸರನ್ನು ಸೂಪರ್‌ವೈಸರ್‌ಗಳು ಎರಡೇ ವಾರದಲ್ಲಿ ನೆನಪಿಟ್ಟುಕೊಳ್ಳುತ್ತಾರೆ. ಶಿಫಾರಸು ಪತ್ರ ಕೇಳಲು ಹೋದಾಗ ಅದು ಗೊತ್ತಾಗುತ್ತದೆ.

ಹೆಜ್ಜೆ 10: ಮುಂದಿನ ಬ್ಯಾಚ್‌ಗೆ

ಡಿನ್ನರ್ ಮುಗಿದ ಮೇಲೂ ಒಂದು ಕೈ ಬದಲಾವಣೆ ಉಳಿದಿದೆ, ಅದನ್ನು ಹೆಚ್ಚುಕಡಿಮೆ ಎಲ್ಲರೂ ಮರೆಯುತ್ತಾರೆ. ನಿಮ್ಮ ನಕ್ಷೆ, ಕೆಲಸದ ಪಟ್ಟಿ, ನಿಜವಾಗಿ ಬಂದ ಕವರ್‌ಗಳ ಸಂಖ್ಯೆ, ಉಳಿದ ಆಹಾರ, ಕೊರತೆಯಾದ ಸಾಮಾನು, ಡಿಬ್ರೀಫ್‌ನ ಟಿಪ್ಪಣಿ ಇಷ್ಟನ್ನು ಒಂದು ಫೈಲ್‌ಗೆ ಹಾಕಿ. ಮೊದಲ ಪುಟದಲ್ಲಿ ಫೋಟೊಗಳನ್ನು ಅಂಟಿಸಬೇಡಿ, ತಪ್ಪುಗಳನ್ನು ಬರೆಯಿರಿ. ಆ ಫೈಲ್ ಅನ್ನು ಕಪಾಟಿನಲ್ಲಿ ಇಟ್ಟು ಹೋಗದೆ, ಮುಂದಿನ ಲೀಡರ್ ಜೊತೆ ಕೂತು ಪುಟ ಪುಟ ತಿರುವಿ ಹೇಳಿ, ಅವರಿಂದ ತಿರುಗಿ ಹೇಳಿಸಿ.

ನಮ್ಮ ಬ್ಯಾಚ್ ಬಿಟ್ಟುಹೋದ ಫೈಲ್‌ನ ಮೊದಲ ಪುಟದಲ್ಲಿ ಇದ್ದಿದ್ದು ಒಂದು ಖಾಲಿ ಆರ್ಡರ್ ಚೀಟಿ. ಅದರ ಮೇಲ್ಭಾಗದಲ್ಲಿ, ಟೇಬಲ್ ನಂಬರ್‌ಗಿಂತಲೂ ಮೊದಲು, ಸ್ಕೇಲ್ ಇಟ್ಟು ಕೆಂಪು ಪೆನ್‌ನಲ್ಲಿ ಎಳೆದ ಒಂದು ಚೌಕ: 'ಅಲರ್ಜಿ — ಇದೆ / ಇಲ್ಲ'. ಎರಡರಲ್ಲಿ ಒಂದಕ್ಕೆ ಸುತ್ತು ಹಾಕದ ಚೀಟಿಯನ್ನು ಪಾಸ್‌ನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಕೆಳಗೆ ಬರೆದಿತ್ತು. ಅಕ್ಷರ ಅವತ್ತು ಓಡಿಬಂದ ಆ ಹೋಸ್ಟ್‌ನದು.